ಬ್ರೆಜಿಲಿನ ಗಾನಗುರು ಸ್ವಾಮಿ ಜೊಸೆ ಮೌರೀಸಿಯೊ

ಗುರುದೀಕ್ಷೆಯನ್ನು ಬಯಸಿದ ಯುವಕನೊಬ್ಬನು ತನ್ನ ಚರ್ಮದ ಬಣ್ಣವನ್ನು ಮನ್ನಿಸಬೇಕೆಂದು ಧರ್ಮಾಧ್ಯಕ್ಷರಲ್ಲಿ ಬಿನ್ನವಿಸಿಕೊಳ್ಳಬೇಕಾಗಿದ್ದ ಕಾಲವೊಂದಿತ್ತು. ಸ್ಥಳ, ಪೋರ್ಚುಗಲ್ಲಿನ ಆಳ್ವಿಕೆಯಲ್ಲಿದ್ದ ಬ್ರೆಜಿಲಿನ ರಿಯೊ ಡಿ ಜನೈರೊ. ಕಾಲ, ಹದಿನೆಂಟನೆಯ ಶತಮಾನದ ಕೊನೆಯ ದಶಕ. ಆ ಯುವಕನ ಹೆಸರು ಜೊಸೆ ಮೌರೀಸಿಯೊ ನೂನೆಸ್ ಗಾರ್ಸಿಯಾ. ತಂದೆಯ ಕಡೆಯಿಂದಲೂ ತಾಯಿಯ ಕಡೆಯಿಂದಲೂ ಆತನ ಮೈಯಲ್ಲಿ ಆಫ್ರಿಕಾದ ಗುಲಾಮರ ರಕ್ತ ಹರಿಯುತ್ತಿತ್ತು. 1707ರಲ್ಲಿ ಬಹಿಯಾ ಮಹಾಧರ್ಮಪ್ರಾಂತ್ಯವು ರೂಪಿಸಿದ ನಿಯಮಾವಳಿಯ ಪ್ರಕಾರ, ಗುರುಪಟ್ಟಕ್ಕೆ ಬರುವವನ ವಂಶವನ್ನು ವಿಚಾರಣೆಗೆ ಒಳಪಡಿಸಬೇಕಾಗಿತ್ತು. ಯೆಹೂದ್ಯರ, ಮೂರ್ ಜನರ, ಕಪ್ಪು ಜನರ ರಕ್ತದ ಬೆರಕೆಯು ಒಂದು ಅಡ್ಡಿಯಾಗಿತ್ತು. ಕಡತಗಳಲ್ಲಿ ಅದಕ್ಕಿದ್ದ ಹೆಸರು 'ಬಣ್ಣದ ಕುಂದು'. ಕಣ್ಣು ಕಾಣದವನಿಗೆ ಅಥವಾ ಕೈ ಇಲ್ಲದವನಿಗೆ ವಿನಾಯಿತಿ ಕೊಡುವಂತೆ, ಬಣ್ಣವುಳ್ಳವನಿಗೂ ವಿನಾಯಿತಿ ಕೊಡಬಹುದಾಗಿತ್ತು. ಜೊಸೆ ಮೌರೀಸಿಯೊ ಅದನ್ನು ಬೇಡಿದನು, ಅದು ದೊರೆಯಿತು, 1792ರಲ್ಲಿ ಗುರುದೀಕ್ಷೆಯನ್ನು ಪಡೆದನು.

ಪ್ರಿಯ ಓದುಗರೇ, ಬ್ರೆಜಿಲಿನ ಶಾಸ್ತ್ರೀಯ ಸಂಗೀತವೆಂದೊಡನೆ ತಿಳಿದವರ ಬಾಯಲ್ಲಿ ಬರುವ ಹೆಸರು ಇಪ್ಪತ್ತನೆಯ ಶತಮಾನದ ವಿಲ್ಲಾ ಲೋಬೊಸ್. ಆದರೆ ಅವರು ಹುಟ್ಟುವುದಕ್ಕೆ ನೂರಿಪ್ಪತ್ತು ವರ್ಷಗಳ ಮೊದಲೇ ಜನಿಸಿ, ಅಮೆರಿಕ ಖಂಡದಲ್ಲಿ ಆ ಕಾಲದ ಅತ್ಯುತ್ತಮ ದೇವಾಲಯ ಸಂಗೀತವನ್ನು ರಚಿಸಿದ ಗುರುವೊಬ್ಬರ ವಿಷಯವನ್ನು ನಾನಿಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ. ಅವರ ಬದುಕು ಸಂತ ಚರಿತ್ರೆಯಲ್ಲ. ಅದನ್ನು ಸಂತ ಚರಿತ್ರೆಯಂತೆ ತಿದ್ದಿ ಬರೆಯುವ ಇಚ್ಛೆಯೂ ನನಗಿಲ್ಲ. ಸಂಗೀತವನ್ನು ಮೆಚ್ಚುವುದಕ್ಕೆ ಅದರ ಅಗತ್ಯವಿಲ್ಲವೆಂಬುದು ಮುಂದೆ ಓದಿದಂತೆ ನಿಮಗೇ ತಿಳಿದೀತು.

ಅವರು ಹುಟ್ಟಿದ್ದು 1767ರ ಸೆಪ್ಟೆಂಬರ್ 22ರಂದು. ತಂದೆ ಅಪೊಲಿನಾರಿಯೊ ವೃತ್ತಿಯಲ್ಲಿ ದರ್ಜಿ. ತಾಯಿ ವಿಕ್ಟೋರಿಯಾ ಮರಿಯಾ ದ ಕ್ರೂಸ್ ಗುಲಾಮ ಸ್ತ್ರೀಯೊಬ್ಬಳ ಮಗಳು. ಮಗುವಿಗೆ ಆರು ವರ್ಷವಾಗುವಷ್ಟರಲ್ಲಿ ತಂದೆ ತೀರಿಕೊಂಡರು. ತಾಯಿ ಮತ್ತು ಚಿಕ್ಕಮ್ಮ ಇಬ್ಬರೂ ದುಡಿದು ಸಾಕಿದರು. ಬಾಲಕನ ಕಂಠ ಚೆನ್ನಾಗಿತ್ತು, ಕೇಳಿದ್ದನ್ನು ಮರೆಯದ ಶಕ್ತಿಯಿತ್ತು. ಮೀನಾಸ್ ಜೆರಾಯಿಸ್ ಪ್ರಾಂತ್ಯದಿಂದ ಬಂದಿದ್ದ ಸಾಲ್ವಡೋರ್ ಜೊಸೆ ಎಂಬ ಉಪಾಧ್ಯಾಯರು ಆತನಿಗೆ ಸಂಗೀತದ ಅಕ್ಷರಾಭ್ಯಾಸ ಮಾಡಿಸಿದರು. ಮನೆಯಲ್ಲಿ ವಾದ್ಯ ಕೊಳ್ಳುವಷ್ಟು ಹಣವಿರಲಿಲ್ಲ; ಹಾರ್ಪ್ಸಿಕಾರ್ಡ್ ನುಡಿಸುವುದನ್ನು ಪರರ ಮನೆಗಳಲ್ಲಿ, ಪಾಠ ಹೇಳಲು ಹೋದಲ್ಲೆಲ್ಲ, ಅಭ್ಯಾಸ ಮಾಡಿಕೊಂಡನೆಂದು ಹೇಳುತ್ತಾರೆ. ಹದಿನಾರನೆಯ ವಯಸ್ಸಿನಲ್ಲಿ, 1783ರಲ್ಲಿ, ಮಾತೆ ಮರಿಯಾಳ ನಿಷ್ಕಳಂಕತೆಯನ್ನು ಕೊಂಡಾಡುವ 'ತೋತಾ ಪುಲ್ಕ್ರಾ' ಎಂಬ ಪ್ರಾಚೀನ ಸ್ತೋತ್ರಕ್ಕೆ ರಾಗ ಸಂಯೋಜಿಸಿದನು. ನಮಗೆ ದೊರೆತಿರುವ ಆತನ ಕೃತಿಗಳಲ್ಲಿ ಇದೇ ಮೊದಲನೆಯದು. ಮರುವರ್ಷ ನಗರದ ಸಂಗೀತಗಾರರು ಸೇರಿ ಸಂತ ಸಿಸಿಲಿಯಾಳ ಹೆಸರಿನಲ್ಲಿ ಒಂದು ಭ್ರಾತೃಸಂಘವನ್ನು ಕಟ್ಟಿದಾಗ, ಅದರ ಸ್ಥಾಪನಾ ಪತ್ರಕ್ಕೆ ಸಹಿ ಹಾಕಿದವರಲ್ಲಿ ಈ ಹದಿನೇಳರ ತರುಣನೂ ಒಬ್ಬನಾಗಿದ್ದನು.

ಅಂದಿನ ನಿಯಮದಂತೆ ಧರ್ಮಪ್ರಾಂತ್ಯದ ಗುರುವಾಗಲು ಬಣ್ಣದ ವಿನಾಯಿತಿ ಮಾತ್ರ ಸಾಲದು, ಆಸ್ತಿಯೂ ಬೇಕಾಗಿತ್ತು. ಗುರುವಾದವನು ಬಡತನದಿಂದ ಭಿಕ್ಷೆಗಿಳಿಯಬಾರದು ಎಂಬುದು ಅದರ ಹಿಂದಿನ ಕಾರಣ. ದರ್ಜಿಯ ಮಗನಿಗೆ ಆಸ್ತಿ ಎಲ್ಲಿಂದ ಬರಬೇಕು? ತೊಮಾಸ್ ಗೊನ್ಸಾಲ್ವೆಸ್ ಎಂಬ ವ್ಯಾಪಾರಿಯ ಮಗನು ಜೊಸೆ ಮೌರೀಸಿಯೊನ ಬಳಿ ಸಂಗೀತ ಕಲಿಯುತ್ತಿದ್ದನು. ಆ ಕೃತಜ್ಞತೆಯಿಂದ ಗೊನ್ಸಾಲ್ವೆಸ್ ತನ್ನ ಒಂದು ಮನೆಯನ್ನು ಯುವಕನ ಹೆಸರಿಗೆ ಬರೆದುಕೊಟ್ಟನು. ಮನೆ ಇದ್ದದ್ದು ಮಾರ್ರೆಕಾಸ್ ಬೀದಿಯಲ್ಲಿ. ಈ ಮನೆಯನ್ನು ನೆನಪಿನಲ್ಲಿಡಿ. ನನ್ನ ದೃಷ್ಟಿಯಲ್ಲಿ ಅವರ ಬದುಕಿನ ಅತ್ಯಂತ ಮುಖ್ಯವಾದ ಕಟ್ಟಡ ಅದು, ರಾಜರ ದೇವಾಲಯವಲ್ಲ.

ಹಾಗಾದರೆ ಅವರ ಗುರುತ್ವವು ದೈವಕರೆಯೋ ಜೀವನೋಪಾಯವೋ? ಇತಿಹಾಸಕಾರರಲ್ಲಿ ಹಲವರು ಇದನ್ನು ನೇರವಾಗಿ ಜೀವನೋಪಾಯವೆಂದೇ ಬರೆಯುತ್ತಾರೆ. ಗುಲಾಮರ ಮೊಮ್ಮಗನಿಗೆ ಆ ಊರಿನಲ್ಲಿ ಮರ್ಯಾದೆಯ ಬಾಳನ್ನು ಕೊಡಬಲ್ಲ ಬಾಗಿಲುಗಳು ಬಹಳವಿರಲಿಲ್ಲ. ದೇವಾಲಯದ ಬಾಗಿಲು ಅಂಥದೊಂದು. ನಾನು ಈ ವಾದವನ್ನು ತಳ್ಳಿಹಾಕುವುದಿಲ್ಲ. ಆದರೆ ಬಡವನ ದೈವಕರೆಯನ್ನು ಮಾತ್ರ ಹೊಟ್ಟೆಪಾಡೆಂದು ಕರೆದು, ಸಿರಿವಂತನ ದೈವಕರೆಯನ್ನು ಪ್ರಶ್ನಿಸದೆ ಬಿಡುವ ಅಭ್ಯಾಸವು ನನಗೆ ಸರಿಕಾಣುವುದಿಲ್ಲ. ಒಬ್ಬ ಮನುಷ್ಯನಲ್ಲಿ ಎರಡೂ ಒಟ್ಟಿಗೆ ಇರಬಹುದು. ನಮ್ಮ ಗುರುಮಠಗಳ ಒಳಹೊರಗನ್ನು ಬಲ್ಲವರಿಗೆ ಇದು ಹೊಸ ಮಾತೇನೂ ಅಲ್ಲ.

ಆ 'ಬಣ್ಣದ ಕುಂದಿ'ನ ಕುರಿತೂ ಒಂದು ಮಾತು. ದೂರದ ಬ್ರೆಜಿಲಿನ ಈ ಕಥೆಯನ್ನು ಕೇಳಿ ನಾವು ಅಚ್ಚರಿಪಡುವ ಮುನ್ನ, ದಕ್ಷಿಣ ಭಾರತದ ದೇವಾಲಯಗಳಲ್ಲಿ ಜಾತಿಯ ಹೆಸರಿನಲ್ಲಿ ಬೇರೆ ಆಸನಗಳೂ, ಸಮಾಧಿ ಭೂಮಿಯಲ್ಲಿ ಅಡ್ಡಗೋಡೆಗಳೂ ಇದ್ದುದನ್ನು ನೆನೆಯಬೇಕು. ರಿಯೊ ನಗರದಲ್ಲಿ ಇನ್ನೊಂದು ವಿಚಿತ್ರವಿತ್ತು. 1798ರಲ್ಲಿ ಸ್ವಾಮಿ ಜೊಸೆ ಮೌರೀಸಿಯೊ ಪ್ರಧಾನಾಲಯದ ಗಾನಾಧಿಪತಿಯಾದರು. ಆ ನಗರಕ್ಕೆ ಸ್ವಂತದ ಪ್ರಧಾನಾಲಯ ಕಟ್ಟಡವೇ ಇರಲಿಲ್ಲ. ಕಪ್ಪು ಜನರ ಭ್ರಾತೃಸಂಘವು ಜಪಮಾಲೆ ಮಾತೆ ಮತ್ತು ಸಂತ ಬೆನೆಡಿಕ್ಟರ ಹೆಸರಿನಲ್ಲಿ ಕಟ್ಟಿಸಿಕೊಂಡಿದ್ದ ದೇವಾಲಯದೊಳಕ್ಕೆ, ಆ ಸಂಘದವರ ಮನಸ್ಸಿಗೆ ವಿರುದ್ಧವಾಗಿ, ಪ್ರಧಾನಾಲಯದ ಕ್ಯಾನನ್ ಗುರುಗಳು 1737ರಲ್ಲಿಯೇ ಬಂದು ನೆಲೆಸಿದ್ದರು, 1808ರವರೆಗೂ ಬಿಡಲಿಲ್ಲ. ಕಪ್ಪು ಜನರು ಬೆವರು ಸುರಿಸಿ ಕಟ್ಟಿದ ಛಾವಣಿಯ ಕೆಳಗೆ ಕುಳಿತು, ಕಪ್ಪು ರಕ್ತವು ಒಂದು ಕುಂದೆಂದು ನಂಬಿದವರು ಪ್ರಾರ್ಥಿಸುತ್ತಿದ್ದರು. ಅವರ ಪ್ರಾರ್ಥನೆಗೆ ಸಂಗೀತವನ್ನು ಒದಗಿಸುತ್ತಿದ್ದವರೂ ಕಪ್ಪು ರಕ್ತದವರೇ.

ಈಗ ಮಾರ್ರೆಕಾಸ್ ಬೀದಿಯ ಮನೆಗೆ ಬರೋಣ. ಗುರುಗಳಾದ ಮೇಲೆ ಅವರು ಅಲ್ಲಿ ಒಂದು ಸಂಗೀತಶಾಲೆಯನ್ನು ತೆರೆದರು. ಶುಲ್ಕವಿರಲಿಲ್ಲ. ಬಂದವರಲ್ಲಿ ಹೆಚ್ಚಿನವರು ಬಡವರ ಮಕ್ಕಳು. ಬದಲಿಗೆ ವಿದ್ಯಾರ್ಥಿಗಳು ಗುರುಗಳು ನಡೆಸುವ ಪೂಜಾವಿಧಿಗಳಲ್ಲಿ ಹಾಡಬೇಕು, ನುಡಿಸಬೇಕು. ಅದೇ ಶುಲ್ಕ, ಅದೇ ಪಾಠ. ಶಾಲೆಯಲ್ಲಿ ಪಿಯಾನೋ ಆಗಲಿ ಹಾರ್ಪ್ಸಿಕಾರ್ಡ್ ಆಗಲಿ ಇರಲಿಲ್ಲ. ತಂತಿ ಬಿಗಿದ ವಿಯೋಲಾ, ಎಂದರೆ ನಮ್ಮ ಗಿಟಾರಿನ ಹತ್ತಿರದ ಸಂಬಂಧಿಯಾದ ಒಂದು ಅಗ್ಗದ ವಾದ್ಯ, ಅದರಲ್ಲಿಯೇ ಸ್ವರಮೈತ್ರಿಯ ನಿಯಮಗಳನ್ನೆಲ್ಲ ಕಲಿಸಿದರು. ಬೀದಿಯ ಹಾಡುಗಾರರು ನುಡಿಸುವ ವಾದ್ಯದಿಂದ ದೇವಾಲಯದ ನಾಲ್ಕು ಕಂಠಗಳ ಶಾಸ್ತ್ರವನ್ನು ಕಲಿಸುವುದೆಂದರೇನೆಂದು, ಧರ್ಮಕೇಂದ್ರದ ಗಾನವೃಂದಕ್ಕೆ ಒಂದು ಹಳೆಯ ಹಾರ್ಮೋನಿಯಂ ಇಟ್ಟುಕೊಂಡು ತರಬೇತಿ ಕೊಟ್ಟವರಿಗೆ ಹೇಳಬೇಕಾಗಿಲ್ಲ. ಈ ಶಾಲೆ ಇಪ್ಪತ್ತೆಂಟು ವರ್ಷಗಳ ಕಾಲ ನಡೆಯಿತು.

ಆ ಕಾಲದಲ್ಲಿ ಪೋರ್ಚುಗಲ್ಲಿನ ರಾಜರೇ, ಪೋಪರು ನೀಡಿದ್ದ 'ಪಾದ್ರುವಾದೊ' ಹಕ್ಕಿನಿಂದ, ರಿಯೊದ ಧರ್ಮಾಧ್ಯಕ್ಷರನ್ನೂ ಗೋವೆಯ ಮಹಾಧರ್ಮಾಧ್ಯಕ್ಷರನ್ನೂ ಆರಿಸುತ್ತಿದ್ದರು. ನಮ್ಮ ಕೆನರಾ ಪ್ರದೇಶದ ದೇವಾಲಯಗಳು ಆಗ ಗೋವೆಗೆ ಸೇರಿದ್ದವು. ಗೋವೆಯ ಧರ್ಮಕೇಂದ್ರ ಶಾಲೆಗಳಲ್ಲಿ ಮಕ್ಕಳಿಗೆ ಪುಕ್ಕಟೆಯಾಗಿ ಸ್ವರಜ್ಞಾನವನ್ನೂ ಪಿಟೀಲನ್ನೂ ಕಲಿಸುತ್ತಿದ್ದ 'ಮೆಸ್ತ್ರಿ'ಗಳ ಪದವಿಗೂ, ರಿಯೊದಲ್ಲಿ ಸ್ವಾಮಿ ಜೊಸೆ ಮೌರೀಸಿಯೊ ಹೊಂದಿದ್ದ 'ಮೆಸ್ತ್ರಿ ಡಿ ಕಪೇಲಾ' ಎಂಬ ಪದವಿಗೂ ಮೂಲ ಒಂದೇ. ಒಂದೇ ಮರದ ಎರಡು ಕೊಂಬೆಗಳು, ಎರಡು ಸಾಗರಗಳ ಆಚೀಚೆ.

1808ರಲ್ಲಿ ರಿಯೊ ನಗರದ ಹಣೆಬರಹ ಬದಲಾಯಿತು. ನೆಪೋಲಿಯನ್ನನ ಸೈನ್ಯಕ್ಕೆ ಹೆದರಿ ಪೋರ್ಚುಗಲ್ಲಿನ ರಾಜಪರಿವಾರವೇ ಹಡಗುಗಳನ್ನೇರಿ ಬ್ರೆಜಿಲಿಗೆ ಬಂದಿತು. ತಾಯಿ ಮರಿಯಾ ರಾಣಿಗೆ ಚಿತ್ತಭ್ರಮಣೆಯಾಗಿದ್ದುದರಿಂದ ಮಗ ಜೊವಾನ್ ರಾಜಪ್ರತಿನಿಧಿಯಾಗಿ ಆಳುತ್ತಿದ್ದನು. ಮಾರ್ಚ್ 8ರಂದು ದಡ ಸೇರಿದ ರಾಜಕುಮಾರನು ನೇರವಾಗಿ ಹೋದದ್ದು ಪ್ರಧಾನಾಲಯವಾಗಿದ್ದ ಆ ಜಪಮಾಲೆ ಮಾತೆಯ ದೇವಾಲಯಕ್ಕೆ, 'ತೆ ದೇಯುಮ್' ಸ್ತೋತ್ರಗಾನಕ್ಕೆ. ಗಾನವನ್ನು ನಡೆಸಿದವರು ಸ್ವಾಮಿ ಜೊಸೆ ಮೌರೀಸಿಯೊ. ಸಂಗೀತಪ್ರಿಯನಾದ ರಾಜಕುಮಾರನು ಅಂಥದೊಂದನ್ನು ಈ ಕಾಡುಸೀಮೆಯಲ್ಲಿ ನಿರೀಕ್ಷಿಸಿರಲಿಲ್ಲ. ಅರಮನೆಯ ಪಕ್ಕದ ಕಾರ್ಮೆಲ್ ದೇವಾಲಯವನ್ನು ರಾಜದೇವಾಲಯವನ್ನಾಗಿ ಮಾಡಿ, ಇವರನ್ನೇ ಅಲ್ಲಿಯ ಗಾನಾಧಿಪತಿಯನ್ನಾಗಿ ನೇಮಿಸಿದನು. ಲಿಸ್ಬನ್ನಿನಿಂದ ಬಂದಿದ್ದ ಗುರುವೃಂದಕ್ಕೆ ಇದು ಸಹಿಸಲಿಲ್ಲ. ಮತ್ತೆ ಬಣ್ಣದ ಮಾತೆತ್ತಿದರು. ರಾಜಕುಮಾರನು ಕಿವಿಗೊಡಲಿಲ್ಲ. 1809ರಲ್ಲಿ ಒಂದು ಸಂಜೆ ಇವರ ವಾದನವನ್ನು ಕೇಳಿ ಮೈಮರೆತ ರಾಜಕುಮಾರನು, ಪಕ್ಕದಲ್ಲಿದ್ದ ಶ್ರೀಮಂತನೊಬ್ಬನ ಎದೆಯ ಮೇಲಿದ್ದ 'ಕ್ರಿಸ್ತನ ಶ್ರೇಣಿ'ಯ ಪದಕವನ್ನು ಕಿತ್ತು ಇವರ ನಿಲುವಂಗಿಗೆ ತಾನೇ ತೊಡಿಸಿದನೆಂದು ಪ್ರತೀತಿಯಿದೆ.

ಇಂಥ ಕಥೆಗಳ ಬಗ್ಗೆ ಎಚ್ಚರವಿರಬೇಕು. ಇವುಗಳಲ್ಲಿ ಬಹುಪಾಲು, ಅವರು ತೀರಿಕೊಂಡು ಕಾಲು ಶತಮಾನವಾದ ಮೇಲೆ, 1856ರಲ್ಲಿ ಪೋರ್ತೊ ಅಲೆಗ್ರೆ ಎಂಬ ಲೇಖಕ ಹಾಗೂ ಚಿತ್ರಕಾರ ಬರೆದ ಚಿಕ್ಕ ಜೀವನಚರಿತ್ರೆಯಿಂದ ಬಂದವು. ಹೊಸದಾಗಿ ಸ್ವತಂತ್ರವಾದ ದೇಶಕ್ಕೆ ತನ್ನದೇ ಆದ ಮಹಾಪುರುಷರು ಬೇಕಾಗಿದ್ದರು; ಮಹಾಪುರುಷನಿದ್ದಲ್ಲಿ ಖಳನಾಯಕನೂ ಬೇಕು. 1811ರಲ್ಲಿ ಲಿಸ್ಬನ್ನಿನಿಂದ ಬಂದ ಮಾರ್ಕೋಸ್ ಪೊರ್ತುಗಾಲ್ ಆ ಪಾತ್ರಕ್ಕೆ ಸರಿಯಾಗಿ ಒದಗಿದನು. ಇಟಲಿಯ ರಂಗಮಂದಿರಗಳಲ್ಲಿ ಹೆಸರು ಗಳಿಸಿದ್ದ ಈ ಒಪೆರಾ ರಚನಕಾರನು ಬಂದೊಡನೆ ರಾಜದೇವಾಲಯದ ಸಂಗೀತದ ಮೇಲುಸ್ತುವಾರಿ ಅವನ ಕೈಗೆ ಹೋಯಿತು. ಸ್ವಾಮಿ ಜೊಸೆ ಮೌರೀಸಿಯೊ ಹಿನ್ನೆಲೆಗೆ ಸರಿದರು. ಇದು ನಿಜ. ಅವನು ಹೊಟ್ಟೆಕಿಚ್ಚಿನಿಂದ ಇವರನ್ನು ತುಳಿದನು ಎಂಬುದು ಕಥೆ. ಅದೇ ಲೇಖಕನು, ಹೈಡನ್ನನ ಕೃತಿಯೊಂದನ್ನು ಇವರು ನುಡಿಸಿದುದನ್ನು ಕೇಳಿದ ಮಾರ್ಕೋಸನು ಎಲ್ಲರೆದುರು ಇವರನ್ನು ಸೋದರನೆಂದು ಅಪ್ಪಿಕೊಂಡನೆಂದೂ ಬರೆದಿದ್ದಾನೆ! ಅರಮನೆಯವರಿಗೆ ಊರಿನ ಪ್ರತಿಭೆಗಿಂತ ರಾಜಧಾನಿಯ ಹೆಸರು ಹೆಚ್ಚು ರುಚಿಸಿತು ಎಂಬಷ್ಟೇ ವಿವರಣೆ ಸಾಕು. ಅದಕ್ಕೆ ಖಳನಾಯಕನ ಅಗತ್ಯವಿಲ್ಲ.

ವಿಮರ್ಶೆಯ ದೃಷ್ಟಿಯಿಂದ ನನಗೆ ಮುಖ್ಯವಾಗಿ ಕಾಣುವುದು ಬೇರೆ. ಮಾರ್ಕೋಸನ ಜೊತೆಗೆ ಇಟಲಿಯ ಗಾಯಕರು ಬಂದರು, ಒಪೆರಾದ ರುಚಿ ಬಂದಿತು. ದೇವಾಲಯದಲ್ಲಿ ಕಂಠದ ಕಸರತ್ತು ತೋರಿಸುವ ದೀರ್ಘ ಸ್ವರಮಾಲೆಗಳು ಮೆಚ್ಚುಗೆಯ ಅಳತೆಗೋಲಾದವು. ಇವರೂ ಹೊಸ ರುಚಿಗೆ ತಕ್ಕಂತೆ ಬರೆಯತೊಡಗಿದರು. 1826ರ 'ಸಂತ ಸಿಸಿಲಿಯಾಳ ಬಲಿಪೂಜೆ' ಅವರ ಕೊನೆಯ ದೊಡ್ಡ ಕೃತಿ. ಅದರ ವಾದ್ಯವೃಂದದ ವೈಭವವನ್ನು ಹೊಗಳುವವರು ಬಹಳ ಮಂದಿ. ನನಗಾದರೋ ಅದರಲ್ಲಿ ಕೆಲವು ಕಡೆ, ಪೀಠದ ಕಡೆಗೆ ಬೆನ್ನು ಮಾಡಿ ಸಭಿಕರ ಕಡೆಗೆ ಮುಖಮಾಡಿ ನಿಂತ ಗಾಯಕರು ಕಾಣಿಸುತ್ತಾರೆ. ದೇವಾಲಯದೊಳಗೆ ರಂಗಭೂಮಿಯ ಶೈಲಿ ಸಲ್ಲದೆಂದು ಹತ್ತನೆಯ ಭಕ್ತಿನಾಥ ಪೋಪರು 1903ರಲ್ಲಿ, ಸಂತ ಸಿಸಿಲಿಯಾಳ ಹಬ್ಬದಂದೇ, ಆಜ್ಞೆ ಹೊರಡಿಸಿದರು. ಅವರ ಕಣ್ಣ ಮುಂದಿದ್ದದ್ದು ಇಂಥ ಸಂಗೀತವೇ. ಆ ಆಜ್ಞೆಯ ಹೊಡೆತಕ್ಕೆ ಒಳ್ಳೆಯದೂ ಕೆಟ್ಟದೂ ಒಟ್ಟಿಗೇ ಕಪಾಟು ಸೇರಿದ್ದು ಬೇರೆ ಮಾತು.

ಅದಕ್ಕೆ ಹೋಲಿಸಿದರೆ ಅವರ ಮೊದಲಿನ ಕೃತಿಗಳು ಎಷ್ಟು ಸರಳ! ಪವಿತ್ರ ವಾರಕ್ಕೆಂದು ವಾದ್ಯಗಳಿಲ್ಲದೆ ಬರೆದ ಕಿರುಗಾನಗಳಲ್ಲಿ ಒಂದೂ ಅನವಶ್ಯಕ ಸ್ವರವಿಲ್ಲ. 1811ರಲ್ಲಿ ಅಂತಿಮ ರೂಪ ಪಡೆದ, ಕ್ರಿಸ್ತಜಯಂತಿಯ ರಾತ್ರಿಯ 'ಕುರುಬರ ಬಲಿಪೂಜೆ'ಯಲ್ಲಿ ಅವರು ಪಿಟೀಲುಗಳನ್ನೇ ಬಿಟ್ಟುಬಿಟ್ಟರು. ಮೇಲಿನ ರಾಗವನ್ನು ಕ್ಲಾರಿನೆಟ್ಟುಗಳು ಹಾಡುತ್ತವೆ, ಕೆಳಗೆ ದಪ್ಪ ತಂತಿಯ ವಾದ್ಯಗಳು. ಪಿಟೀಲಿನ ಹೊಳಪು ಹೋದಾಗ ಇಡೀ ಸಂಗೀತಕ್ಕೆ ಒಂದು ಕಂದುಬಣ್ಣ, ಕುರಿಹಟ್ಟಿಯ ಬೆಚ್ಚಗಿನ ಕತ್ತಲೆ ಬರುತ್ತದೆ. ದೊಡ್ಡ ವಾದ್ಯವೃಂದ ಕೈಗೆ ಸಿಕ್ಕಿದಾಗ ಅದರ ಅತ್ಯಂತ ಆಕರ್ಷಕ ವಾದ್ಯವನ್ನೇ ಬದಿಗಿರಿಸುವ ಸಂಯಮವು ಸಾಮಾನ್ಯ ರಚನಕಾರನಿಗೆ ಬರುವುದಿಲ್ಲ.

1816ರ ಮಾರ್ಚ್ 20ರಂದು ಮರಿಯಾ ರಾಣಿಯು ರಿಯೊದಲ್ಲಿ ಮೃತಳಾದಳು. ಅದೇ ದಿನ ವಿಕ್ಟೋರಿಯಾ ಮರಿಯಾ ದ ಕ್ರೂಸ್, ನಮ್ಮ ಸ್ವಾಮಿಗಳ ತಾಯಿ, ಮೃತಳಾದಳೆಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. ರಾಣಿಯ ಆತ್ಮಶಾಂತಿಗಾಗಿ ಮೃತರ ಬಲಿಪೂಜೆಯ ಸಂಗೀತವನ್ನು, ಎಂದರೆ 'ರಿಕ್ವಿಯಂ' ಒಂದನ್ನು, ರಚಿಸಿಕೊಡಬೇಕೆಂದು ಕಾರ್ಮೆಲ್ ಮೂರನೆಯ ಸಭೆಯವರು ಕೇಳಿಕೊಂಡರು. ಹೀಗೆ ಗುಲಾಮ ಸ್ತ್ರೀಯ ಮಗಳನ್ನು ಕಳೆದುಕೊಂಡ ಮಗನು, ಗುಲಾಮರ ವ್ಯಾಪಾರದಿಂದ ಬೊಕ್ಕಸ ತುಂಬಿಸಿಕೊಂಡ ಸಾಮ್ರಾಜ್ಯದ ರಾಣಿಗಾಗಿ ಶೋಕಸಂಗೀತ ಬರೆಯಲು ಕುಳಿತನು. ಆ ದಿನಗಳಲ್ಲಿ ರಿಯೊದ ವಲೊಂಗೊ ಬಂದರುಕಟ್ಟೆಯಲ್ಲಿ ಆಫ್ರಿಕಾದಿಂದ ತಂದ ಮನುಷ್ಯರನ್ನು ಇಳಿಸುತ್ತಿದ್ದರು. ಬ್ರೆಜಿಲಿನಲ್ಲಿ ಗುಲಾಮಗಿರಿ ಕೊನೆಗೊಂಡದ್ದು 1888ರಲ್ಲಿ.

ಈ ರಿಕ್ವಿಯಂ ಕೇಳಿದವರೆಲ್ಲ ಮೊದಲು ಹೇಳುವ ಮಾತು: 'ಇದು ಮೊಜಾರ್ಟನದರಂತಿದೆ'. ಸುಳ್ಳಲ್ಲ. ಇಬ್ಬರದೂ ಒಂದೇ ಶ್ರುತಿ, ಡಿ ಮೈನರ್. ಆರಂಭದ ನಿಧಾನ ನಡಿಗೆ, ಕಂಠಗಳು ಒಂದರ ಹಿಂದೊಂದು ಪ್ರವೇಶಿಸುವ ರೀತಿ, ಇವೆಲ್ಲ ಆ ಪ್ರಸಿದ್ಧ ಕೃತಿಯನ್ನು ನೆನಪಿಗೆ ತರುತ್ತವೆ. ಮೊಜಾರ್ಟನ ಕೃತಿಯು 1800ರಲ್ಲಿಯೇ ಅಚ್ಚಾಗಿತ್ತು. ಈ ಹೋಲಿಕೆಯಿಂದಲೇ ಇವರಿಗೆ 'ಬ್ರೆಜಿಲಿನ ಮೊಜಾರ್ಟ್' ಎಂಬ ಬಿರುದು ಅಂಟಿಕೊಂಡಿದೆ. ಹೊಗಳಿಕೆಯಂತೆ ಕಂಡರೂ ಇದು ನ್ಯಾಯವಲ್ಲ. ಬಿರುದು ಕೊಟ್ಟೊಡನೆ ನಾವು ಇವರ ಕೃತಿಯನ್ನು ಕೇಳುವುದನ್ನು ನಿಲ್ಲಿಸಿ, ಅದರಲ್ಲಿ ಮೊಜಾರ್ಟನನ್ನು ಹುಡುಕತೊಡಗುತ್ತೇವೆ.

ವ್ಯತ್ಯಾಸ ಎಲ್ಲಿದೆ ಎಂದು ಕೇಳಿದರೆ ನಾನು ಎರಡನ್ನು ತೋರಿಸುತ್ತೇನೆ. ಮೊದಲನೆಯದು ಪೂಜಾವಿಧಿಗೆ ಸಂಬಂಧಿಸಿದ್ದು. ಮೊಜಾರ್ಟ್ ಸಂಗೀತ ಕೊಡದೆ ಬಿಟ್ಟ 'ಗ್ರಾದುವಾಲೆ' ಭಾಗಕ್ಕೆ, ಎಂದರೆ ವಾಚನದ ನಂತರದ ಧ್ಯಾನಗೀತೆಗೆ, ಇವರು ಸಂಗೀತ ಕೊಟ್ಟಿದ್ದಾರೆ. ಪ್ರತಿದಿನ ಪೀಠದ ಮುಂದೆ ನಿಲ್ಲುವವರಿಗೆ ಪೂಜೆಯ ಯಾವ ಮೂಲೆಯೂ ಬರಿದಾಗಿರಬಾರದೆಂಬ ಕಾಳಜಿ ಇರುತ್ತದೆ. ಎರಡನೆಯದು ಭಾವಕ್ಕೆ ಸಂಬಂಧಿಸಿದ್ದು. ಅಂತಿಮ ತೀರ್ಪಿನ ದಿನವನ್ನು ವರ್ಣಿಸುವ 'ದಿಯೆಸ್ ಇರೆ' ಎಂಬ ದೀರ್ಘ ಪದ್ಯವು ಮೊಜಾರ್ಟನಲ್ಲಿ ಗುಡುಗು ಮಿಂಚು. 1970ರ ಪೂಜಾಗ್ರಂಥದಿಂದ ಈ ಪದ್ಯವನ್ನು ಮೃತರ ಬಲಿಪೂಜೆಯಿಂದ ತೆಗೆದುಹಾಕಿದ್ದರಿಂದ ಕಿರಿಯ ಓದುಗರು ಇದನ್ನು ಕೇಳಿರಲಾರರು. ಹಿರಿಯರಿಗೆ ಅದರ ಗ್ರೆಗೋರಿಯನ್ ರಾಗ ಇನ್ನೂ ಕಿವಿಯಲ್ಲಿರಬಹುದು. ಸ್ವಾಮಿ ಜೊಸೆ ಮೌರೀಸಿಯೊ ಅವರಲ್ಲಿಯೂ ಗುಡುಗು ಇದೆ, ಆದರೆ ಬೇಗನೆ ಅಡಗುತ್ತದೆ. ಪದ್ಯದ ನಡುವೆ ಪಾಪಿಯು ತನ್ನ ತಪ್ಪಿಗಾಗಿ ನಾಚಿ ನಿಟ್ಟುಸಿರಿಡುವ ಭಾಗ ಬರುತ್ತದೆ. ಅಲ್ಲಿ ಅವರು ಅವಸರಪಡುವುದಿಲ್ಲ. ರಾಗವು ಬೇಡುತ್ತದೆ, ನಿಲ್ಲುತ್ತದೆ, ಮತ್ತೆ ಬೇಡುತ್ತದೆ. ಭಯಕ್ಕಿಂತ ನಾಚಿಕೆಯನ್ನು ಸಂಗೀತದಲ್ಲಿ ಹಿಡಿಯುವುದು ಕಷ್ಟ. ಅದನ್ನು ಅವರು ಹಿಡಿದಿದ್ದಾರೆ.

ಆ ನಾಚಿಕೆಯ ಹಿಂದೆ ಏನಿತ್ತೋ ನಾವು ಹೇಳಲಾರೆವು. ಆದರೆ ಒಂದು ಸಂಗತಿಯನ್ನು ನಿಮ್ಮಿಂದ ಮುಚ್ಚಿಡುವುದು ತರವಲ್ಲ. ಸೆವೆರಿಯಾನಾ ರೋಸಾ ಡಿ ಕಾಸ್ತ್ರೊ ಎಂಬ ಸ್ತ್ರೀಯಿಂದ ಅವರಿಗೆ ಐವರು ಮಕ್ಕಳಿದ್ದರು. ಬ್ರಹ್ಮಚರ್ಯದ ವಾಗ್ದಾನ ಮಾಡಿದ ಗುರುವಿನ ಬಾಳಿನಲ್ಲಿ ಇದು ವಾಗ್ದಾನಭಂಗವೇ. ಅಂದಿನ ಬ್ರೆಜಿಲಿನಲ್ಲಿ ಇದು ಅಪರೂಪವಾಗಿರಲಿಲ್ಲ ಎಂಬುದು ಸಮರ್ಥನೆಯಾಗದು. ಹಳೆಯ ಜೀವನಚರಿತ್ರೆಗಳು ಈ ವಿಷಯಕ್ಕೆ ಬಂದಾಗ ಕೆಮ್ಮಿ ಮುಂದೆ ಸಾಗುತ್ತವೆ. ಕೆಲವು ಹೊಸ ಬರಹಗಳು ಇದನ್ನೇ ಚಪ್ಪರಿಸುತ್ತವೆ. ಎರಡೂ ಕಡೆ ಮರೆತುಹೋಗುವವರು ಸೆವೆರಿಯಾನಾ ಮತ್ತು ಮಕ್ಕಳು. ಆ ತಾಯಿಯ ಬದುಕು ಹೇಗೆ ಸಾಗಿತೆಂದು ಯಾರೂ ವಿಚಾರಿಸುವುದಿಲ್ಲ. ಮಕ್ಕಳ ಮಟ್ಟಿಗೆ ಒಂದನ್ನು ಹೇಳಬಹುದು: ತಂದೆಯು ಅವರನ್ನು ಕೈಬಿಡಲಿಲ್ಲ. 1821ರಲ್ಲಿ ತನ್ನ ಇಬ್ಬರು ಗಂಡುಮಕ್ಕಳಿಗಾಗಿಯೇ ಸಂಗೀತದ ಮೂಲಪಾಠಗಳನ್ನೂ ಪಿಯಾನೋ ವಾದನದ ಕ್ರಮವನ್ನೂ ಒಳಗೊಂಡ ಪಠ್ಯವೊಂದನ್ನು ಬರೆದರು. ಒಣ ಅಭ್ಯಾಸಗಳ ಪುಸ್ತಕವಲ್ಲ ಅದು. ಚಿಕ್ಕ ಚಿಕ್ಕ ಪಾಠಗಳು, ಪ್ರತಿಯೊಂದೂ ಹಾಡಿನಂತೆ ನುಡಿಸಬಹುದಾದದ್ದು, ಮಗುವಿನ ಬೆರಳು ಎಲ್ಲಿ ಎಡವುತ್ತದೆಂದು ಬಲ್ಲವರು ಬರೆದದ್ದು. ತನ್ನದೇ ಹೆಸರಿಟ್ಟ ಮಗನನ್ನು 1828ರಲ್ಲಿ ಬರಹದ ಮೂಲಕ ಮಗನೆಂದು ಒಪ್ಪಿಕೊಂಡರು. ಆ ಮಗ ವೈದ್ಯನಾದನು, ಅಂಗರಚನಾಶಾಸ್ತ್ರದ ಅಧ್ಯಾಪಕನಾದನು.

ವಾಗ್ದಾನ ಮುರಿದವರ ಕೈಯಿಂದ ಬಂದ ಪೂಜಾಸಂಗೀತವನ್ನು ಪೂಜೆಯಲ್ಲಿ ಬಳಸಬಹುದೇ ಎಂದು ಕೇಳುವವರಿದ್ದಾರೆ. ಗುರುವಿನ ಯೋಗ್ಯತೆಯಿಂದ ಸಂಸ್ಕಾರವು ಕೆಡುವುದಿಲ್ಲವೆಂದು ನಾಲ್ಕನೆಯ ಶತಮಾನದ ಕೊನೆಯಿಂದಲೇ ಸಂತ ಅಗುಸ್ಟೀನರು ವಾದಿಸಿ ನಿಲ್ಲಿಸಿದ್ದಾರೆ. ಸಂಸ್ಕಾರಕ್ಕೇ ಅನ್ವಯವಾಗದ ಷರತ್ತನ್ನು ಸಂಗೀತದ ಮೇಲೆ ಹೇರುವುದು ಅತಿಯಾದೀತು.

ಅರಮನೆಯಲ್ಲಿ ಹಿನ್ನೆಲೆಗೆ ಸರಿದಿದ್ದ ಅವರನ್ನು ಹೊರಗಿನವರೊಬ್ಬರು ಗುರುತಿಸಿದರು. ಸಿಗಿಸ್ಮಂಡ್ ನೊಯ್‌ಕೋಮ್ ಆಸ್ಟ್ರಿಯದವರು, ಹೈಡನ್ನರ ನೇರ ಶಿಷ್ಯರು. 1816ರಲ್ಲಿ ಫ್ರಾನ್ಸಿನ ರಾಯಭಾರಿಯೊಡನೆ ರಿಯೊಗೆ ಬಂದು 1821ರವರೆಗೆ ಅಲ್ಲಿದ್ದರು. ಇಬ್ಬರೂ ಆತ್ಮೀಯರಾದರು. 1819ರ ಡಿಸೆಂಬರಿನಲ್ಲಿ ಸಂತ ಸಿಸಿಲಿಯಾ ಭ್ರಾತೃಸಂಘವು ಆ ವರ್ಷ ತೀರಿಕೊಂಡ ಸಂಗೀತಗಾರರಿಗಾಗಿ ನಡೆಸಿದ ಬಲಿಪೂಜೆಯಲ್ಲಿ ಸ್ವಾಮಿ ಜೊಸೆ ಮೌರೀಸಿಯೊ ಮೊಜಾರ್ಟನ ರಿಕ್ವಿಯಂ ಅನ್ನು ಹಾಡಿಸಿದರು. ನೊಯ್‌ಕೋಮ್ ಅದರ ವರದಿಯನ್ನು ವಿಯೆನ್ನಾದ ಸಂಗೀತ ಪತ್ರಿಕೆಗೆ ಬರೆದು ಕಳುಹಿಸಿದರು. 1820ರಲ್ಲಿ ಅದು ಪ್ರಕಟವಾಯಿತು. ಮೊಜಾರ್ಟನ ಊರಿನವರು ಓದುವ ಪತ್ರಿಕೆಯಲ್ಲಿ ದರ್ಜಿಯ ಮಗನ ಹೆಸರು ಮೆಚ್ಚುಗೆಯೊಡನೆ ಅಚ್ಚಾಯಿತು. ಎರಡು ವರ್ಷಗಳೊಳಗೆ ಹೈಡನ್ನರ 'ಸೃಷ್ಟಿ'ಯನ್ನೂ ಅವರು ರಿಯೊದಲ್ಲಿ ಕೇಳಿಸಿದರು.

ಮುಂದಿನದು ಇಳಿಜಾರು. 1821ರಲ್ಲಿ ರಾಜನು ಲಿಸ್ಬನ್ನಿಗೆ ಮರಳಿದನು, 1822ರಲ್ಲಿ ಬ್ರೆಜಿಲ್ ಸ್ವತಂತ್ರವಾಯಿತು, ಹೊಸ ಸರ್ಕಾರದ ಬೊಕ್ಕಸ ಬರಿದಾಗಿತ್ತು. ಸಂಗೀತಕ್ಕೆಂದು ಕೊಡುತ್ತಿದ್ದ ಹಣ ಕಡಿತವಾಯಿತು, ಮಾರ್ರೆಕಾಸ್ ಬೀದಿಯ ಶಾಲೆ ಮುಚ್ಚಿತು. 1830ರ ಫೆಬ್ರವರಿಯಲ್ಲಿ ಮಾರ್ಕೋಸ್ ಪೊರ್ತುಗಾಲ್ ಅದೇ ನಗರದಲ್ಲಿ ತೀರಿಕೊಂಡನು. ಎರಡು ತಿಂಗಳ ನಂತರ, ಏಪ್ರಿಲ್ 18ರಂದು, ಬಡತನದಲ್ಲಿಯೇ ಸ್ವಾಮಿ ಜೊಸೆ ಮೌರೀಸಿಯೊ ಕಣ್ಣು ಮುಚ್ಚಿದರು. ಕೊನೆಯ ಗಳಿಗೆಯಲ್ಲಿ ಮಾತೆ ಮರಿಯಾಳ ಸ್ತೋತ್ರವೊಂದನ್ನು ಗುನುಗುತ್ತಿದ್ದರೆಂದು ಮಗನು ಹೇಳಿದ್ದಾನೆ.

ಶಾಲೆ ಮುಚ್ಚಿದರೂ ಶಿಷ್ಯರು ಇದ್ದರು. ಅವರಲ್ಲೊಬ್ಬರಾದ ಫ್ರಾನ್ಸಿಸ್ಕೊ ಮಾನುವೆಲ್ ದ ಸಿಲ್ವಾ ರಚಿಸಿದ ರಾಗವೇ ಇಂದು ಬ್ರೆಜಿಲಿನ ರಾಷ್ಟ್ರಗೀತೆಯ ರಾಗ. ಫುಟ್‌ಬಾಲ್ ಪಂದ್ಯಗಳ ಆರಂಭದಲ್ಲಿ ನಿಮ್ಮ ಮನೆಯ ಮಕ್ಕಳು ದೂರದರ್ಶನದಲ್ಲಿ ಅದನ್ನು ಕೇಳಿಯೇ ಇರುತ್ತಾರೆ. ರಿಯೊದಲ್ಲಿ 1848ರಲ್ಲಿ ಬಾಗಿಲು ತೆರೆದ ಸರ್ಕಾರಿ ಸಂಗೀತ ವಿದ್ಯಾಲಯವನ್ನು ಕಟ್ಟಿದವರೂ ಅವರೇ.

ಕೃತಿಗಳ ಗತಿ ಅಷ್ಟು ಸುಗಮವಾಗಿರಲಿಲ್ಲ. ಹಸ್ತಪ್ರತಿಗಳು ಚೆಲ್ಲಾಪಿಲ್ಲಿಯಾದವು, ಹಲವು ಕಳೆದುಹೋದವು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ವಿಸ್ಕೌಂಟ್ ತೌನೆ ಎಂಬ ಸಾಹಿತಿ ಪತ್ರಿಕೆಗಳಲ್ಲಿ ಬರೆದು, ಸಂಸತ್ತಿನಲ್ಲಿ ಮಾತನಾಡಿ, ಇವರ ಹೆಸರನ್ನು ಎತ್ತಿ ಹಿಡಿದನು. ಅವನ ಒತ್ತಾಯದಿಂದ ಆಲ್ಬೆರ್ತೊ ನೆಪೊಮುಸೆನೊ ಎಂಬ ರಚನಕಾರರು 1816ರ ರಿಕ್ವಿಯಂ ಅನ್ನು ಸಿದ್ಧಪಡಿಸಿ 1897ರಲ್ಲಿ ಅಚ್ಚು ಮಾಡಿಸಿದರು. ಆದರೆ ನಿಜವಾದ ಋಣ ಸಲ್ಲಬೇಕಾದದ್ದು ಕ್ಲೆಯೊಫೆ ಪೆರ್ಸೊನ್ ಡಿ ಮಾತೋಸ್ ಎಂಬ ಮಹಿಳೆಗೆ. ರಿಯೊದಲ್ಲಿ ಗಾನವೃಂದವೊಂದನ್ನು ಕಟ್ಟಿ ನಡೆಸುತ್ತಿದ್ದ ಈಕೆ, ದೇವಾಲಯಗಳ ಕಪಾಟು, ಬ್ಯಾಂಡಿನವರ ಪೆಟ್ಟಿಗೆ, ಗ್ರಂಥಾಲಯಗಳ ಕಡತಗಳನ್ನೆಲ್ಲ ಜಾಲಾಡಿ, ಉಳಿದಿರುವ ಸುಮಾರು 240 ಕೃತಿಗಳ ಪಟ್ಟಿಯನ್ನು 1970ರಲ್ಲಿ ಪ್ರಕಟಿಸಿದರು. 1997ರಲ್ಲಿ ಜೀವನಚರಿತ್ರೆಯನ್ನೂ ಬರೆದರು. ಪೋರ್ತೊ ಅಲೆಗ್ರೆಯ ಕಥೆಗಳಿಂದ ದಾಖಲೆಗಳನ್ನು ಬೇರ್ಪಡಿಸಿ ನೋಡಲು ಇಂದು ಸಾಧ್ಯವಾಗಿರುವುದು ಈಕೆಯ ತಾಳ್ಮೆಯಿಂದ.

ಇಂದು ಅಂತರಜಾಲದಲ್ಲಿ ಈ ಕೃತಿಗಳ ಧ್ವನಿಮುದ್ರಣಗಳು ಸುಲಭವಾಗಿ ದೊರೆಯುತ್ತವೆ. ರಿಕ್ವಿಯಂ ಅನ್ನು ನವೆಂಬರ್ ತಿಂಗಳಲ್ಲಿ, ಮನೆಯವರು ಮೃತರನ್ನು ನೆನೆಯುವ ದಿನಗಳಲ್ಲಿ, ಒಮ್ಮೆ ಪೂರ್ತಿಯಾಗಿ ಕೇಳಿ. ಮುಕ್ಕಾಲು ಗಂಟೆ ಸಾಕು. 'ಕುರುಬರ ಬಲಿಪೂಜೆ'ಯನ್ನು ಕ್ರಿಸ್ತಜಯಂತಿಯ ಮುಂಚಿನ ಸಂಜೆ ಕೇಳಬಹುದು. ನಾಲ್ಕು ಕಂಠಗಳಲ್ಲಿ ಹಾಡಬಲ್ಲ ಗಾನವೃಂದವಿರುವ ಧರ್ಮಕೇಂದ್ರದವರು, ಪವಿತ್ರ ವಾರಕ್ಕೆಂದು ಅವರು ಬರೆದ 'ಜೂದಾಸ್ ಮೆರ್ಕಾತೊರ್ ಪೆಸ್ಸಿಮುಸ್' ಎಂಬ ಕಿರುಗಾನದಿಂದ ತೊಡಗಬಹುದು. ಅದಕ್ಕೆ ವಾದ್ಯಗಳು ಬೇಕಾಗಿಲ್ಲ, ಪುಟಗಳು ಕಡಿಮೆ. ತಗ್ಗುಕಂಠದ ಇಬ್ಬರು ಮೂವರು ಗಟ್ಟಿಯಾಗಿ ನಿಂತರೆ ಉಳಿದವರಿಗೆ ದಾರಿ ಸಿಗುತ್ತದೆ.